ಶಿವಸ್ವಾಮಿ ಅಳೆದ ಗೋಡೆ

ಗಾಜು ಕರಗಿಸುವ ಫರ್ನೇಸ್ ಪಕ್ಕ ಕೆಲಸ ಮಾಡಿಯೂ ಶರ್ಟಿನ ಇಸ್ತ್ರಿ ಮುರಿಯದ ಗಂಡಸನ್ನು ನಾನು ಕಂಡಿದ್ದು ಒಬ್ಬರನ್ನೇ, ಚಂದ್ರಾ ಲೇಔಟಿನ ಶಿವಸ್ವಾಮಿ. ಬ್ಯಾಡರಹಳ್ಳಿ ದಾಟಿದ ಮೇಲೆ ಸಿಗುವ ನಮ್ಮ ಬಾಟಲಿ ಕಾರ್ಖಾನೆಯಲ್ಲಿ ಅವರು ಮೇಂಟೆನೆನ್ಸ್ ಮ್ಯಾನೇಜರು, ನಾನು ಶಿಫ್ಟ್ ಸೂಪರ್‌ವೈಸರು. ಬೆಳಗ್ಗೆ ಹತ್ತಕ್ಕೆಲ್ಲ ನಮ್ಮ ಬೆನ್ನು ಬೆವರಿಗೆ ತೊಯ್ದು ತೊಪ್ಪೆಯಾಗುತ್ತಿತ್ತು. ಅವರು ಮಾತ್ರ ಮದುವೆಮನೆ ಬಾಗಿಲಲ್ಲಿ ಪನ್ನೀರು ಎರಚಲು ನಿಂತವರ ಹಾಗೆ ಘಮಘಮ.

ಅವರ ಕೈಗೆ ರಾಡಾರ್ ಬಂದ ಮೇಲಂತೂ ಕೇಳಲೇಬೇಡಿ. ಟಿಫಿನ್ ಡಬ್ಬಿಯಷ್ಟು ಪೆಟ್ಟಿಗೆ. ಫರ್ನೇಸಿನ ಹೊರಗೋಡೆಗೆ ಒತ್ತಿ ಹಿಡಿದರೆ ಅದರ ಅಲೆ ಇಟ್ಟಿಗೆಯೊಳಗೆ ಹೋಗಿ, ಕರಗಿದ ಗಾಜು ತಾಗುವ ಒಳಮೈಗೆ ಬಡಿದು ವಾಪಸ್ ಬರುತ್ತೆ. ಇಟ್ಟಿಗೆ ಸವೆದು ಎಷ್ಟು ಉಳಿದಿದೆ ಅಂತ ಪರದೆ ತೋರಿಸುತ್ತೆ. ಒಳ್ಳೆ ಯಂತ್ರ, ಅದನ್ನು ಬಯ್ಯಲಾರೆ. ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಒಂದೊಂದಕ್ಕೂ ಅದನ್ನು ತಾಗಿಸಬೇಕು. ನಮ್ಮ ಸಾಹೇಬರು ಫ್ಯಾನ್ ಗಾಳಿ ಬರುವ ಕಡೆಯ ಗುರುತುಗಳನ್ನೆಲ್ಲ ಆರತಿ ಎತ್ತಿದ ಹಾಗೆ ನಿಧಾನಕ್ಕೆ ಅಳೆಯೋರು. ಮುಖ ಸುಡುವ ಹಿಂದಿನ ಮೂಲೆ ಬಂತೋ, ದೂರದಲ್ಲೇ ನಿಂತು, ಆಚೆ ಈಚೆಯ ಅಳತೆ ಕೂಡಿಸಿ ಅರ್ಧ ಮಾಡಿ ಬರೆದುಬಿಡೋರು.

"ಸಾರ್, ಮೂಲೆಗೆ ಪೆಟ್ಟಿಗೆ ತಾಗಿಸ್ಲೇ ಇಲ್ವಲ್ಲ?" ಅಂದೆ.

"ಅಕ್ಕಪಕ್ಕ ಗಟ್ಟಿ ಇದೆ ಅಂದ್ಮೇಲೆ ಮಧ್ಯದ್ದೊಂದು ಎಲ್ಲಿಗೆ ಹೋಗುತ್ತೆ ಕಣ್ರೀ? ಸುಮ್ನೆ ರಿಪೋರ್ಟಿಗೆ ಸೈನ್ ಹಾಕಿ. ಟೆಕ್ನಾಲಜಿ ನಿಮ್ಗೆ ಅರ್ಥ ಆಗಲ್ಲ."

ಹಾಕಿದೆ.

ಆ ಮೂಲೆಯಲ್ಲಿ ದಿನವಿಡೀ ನಿಂತು ಕೆಲಸ ಮಾಡುತ್ತಿದ್ದವನು ಉಲ್ಲಾಳದ ಮುನಿಯಪ್ಪ. ಒಂದು ದಿನ ನಮ್ಮಿಬ್ಬರ ಹತ್ತಿರ ಬಂದು, "ಸಾರ್, ಮೂಲೆ ಯಾಕೋ ಸರಿ ಇಲ್ಲ. ನಿಂತ್ಕೊಳ್ಳಕ್ಕೇ ಆಯ್ತಿಲ್ಲ" ಅಂದ. ಶಿವಸ್ವಾಮಿ ರಿಪೋರ್ಟನ್ನು ಅವನ ಮುಖದೆದುರು ಆಡಿಸಿ, "ರಾಡಾರ್‌ಗಿಂತ ನಿನ್ ಚರ್ಮ ಜಾಸ್ತಿ ತಿಳ್ಕೊಂಡಿದೆಯೇನಯ್ಯಾ?" ಅಂತ ನಕ್ಕರು. ಥೂ, ಆ ನಗುವೇ! ಮುನಿಯಪ್ಪ ನನ್ನ ಮುಖ ನೋಡಿದ. ನಾನು ರಿಪೋರ್ಟ್ ನೋಡಿದೆ.

ಮುಂದಿನ ವಾರ ಅದೇ ಮೂಲೆ ಬಾಯಿಬಿಟ್ಟು ಕರಗಿದ ಗಾಜು ಹೊರಗೆ ಹರಿಯಿತು. ಮುನಿಯಪ್ಪನ ಜೀವ ಉಳಿಯಿತು. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಕಂಪನಿಯವರು ವಿಚಾರಣೆಗೆ ಕೂರಿಸಿದಾಗ ಶಿವಸ್ವಾಮಿ, "ಮೆಷಿನ್ ತಪ್ಪು ತೋರಿಸ್ತು" ಅಂದರು. ಬಾಯಿಲ್ಲದ ಪೆಟ್ಟಿಗೆಯ ತಲೆಗೆ ಕಟ್ಟುತ್ತಾರಲ್ಲ, ಎಂಥಾ ಹೇಡಿ ಇರಬೇಕು! ನನಗೆ ಮೈ ಉರಿದುಹೋಯಿತು. "ಮೆಷಿನ್ ಅಲ್ಲಿಗೆ ತಾಗಿಸೇ ಇಲ್ಲ. ನಾನೇ ನೋಡಿದೀನಿ" ಅಂದುಬಿಟ್ಟೆ. ಅವತ್ತೇ ಅವರ ಕೆಲಸ ಹೋಯಿತು.

ಸಂಜೆ ಬ್ಯಾಗ್ ಹಿಡಿದು ಗೇಟಿನ ಹತ್ತಿರ ಆಟೋಗೆ ಕಾಯುತ್ತಿದ್ದರು. ನನ್ನನ್ನು ಕಂಡು ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲಿಲ್ಲ.

"ಮುನಿಯಪ್ಪ ಬಂದು ಮೂಲೆ ಸರಿ ಇಲ್ಲ ಅಂದ್ನಲ್ಲ, ಈ ಮಾತು ನೀವು ಆವತ್ತೇ ಹೇಳಿದ್ರೆ ಆಗ್ತಿತ್ತಲ್ರೀ" ಅಂದು ಆಟೋ ಹತ್ತಿದರು.

ಆಮೇಲೆ ಅವರನ್ನು ನಾನು ನೋಡಿಲ್ಲ, ನೋಡುವ ಆಸೆಯೂ ಇಲ್ಲ. ಆ ಮನುಷ್ಯನ ಬಾಯಿಂದ ನಾನು ಕೇಳಿದ ನಿಜವಾದ ಮಾತು ಅದೊಂದೇ. ಅದನ್ನೂ ನನಗೇ ಹೇಳಿಹೋದರು.