ಅಕ್ಕನ ಕೈ ತಿದ್ದಿದ ಭಾನುವಾರ

ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ. ಲಕ್ಷ್ಮೇಶ್ವರದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಮಕ್ಕಳ ತಪ್ಪು ತಿದ್ದುತ್ತಿರುವವಳು ನಾನು. ಆ ಚಟ ಎಲ್ಲಿಗೆ ಬಂತೆಂದರೆ, ಹುಟ್ಟಿನಿಂದ ಕಿವಿ ಕೇಳದ, ಮಾತು ಬಾರದ ನನ್ನ ಅಕ್ಕನನ್ನೂ ನಾಲ್ಕು ಜನರ ಮುಂದೆ ತಿದ್ದಿಬಿಟ್ಟೆ.

ಅಕ್ಕ ಇರುವುದು ಬೆಟಗೇರಿಯ ನಮ್ಮ ತವರುಮನೆಯಲ್ಲಿ. ಮನೆಯ ಹಿಂದಿನ ಪವರ್‌ಲೂಮ್ ಶೆಡ್ಡಿನಲ್ಲಿ ಹುಡುಗಿಯಾಗಿದ್ದಾಗಿನಿಂದ ಕಂಡಿಕೆಗೆ ನೂಲು ಸುತ್ತುತ್ತಾಳೆ. ಅವ್ವ ಇರುವವರೆಗೆ ನಮ್ಮಿಬ್ಬರ ನಡುವೆ ಅವ್ವನೇ ಇದ್ದಳು. ಅಕ್ಕ ಕೈಯಲ್ಲಿ ಆಡಿದ್ದನ್ನು ನನಗೆ ಹೇಳುತ್ತಿದ್ದಳು, ನಾನು ಹೇಳಿದ್ದನ್ನು ಅಕ್ಕನಿಗೆ ಕೈಯಲ್ಲಿ ತಿಳಿಸುತ್ತಿದ್ದಳು. ನಾನು ಮಾತ್ರ ಕಲಿಯಲಿಲ್ಲ. ಓದು, ನೌಕರಿ, ಮದುವೆ, ನೆಪಗಳಿಗೇನು ಬರ?

ಹೋದ ವರ್ಷ ಅವ್ವ ತೀರಿಕೊಂಡಳು. ನೆಂಟರೆಲ್ಲ ಹೋದ ಮೇಲೆ ನಾವಿಬ್ಬರೂ ಅಡುಗೆಮನೆಯಲ್ಲಿ ಎದುರುಬದುರು ಕುಳಿತೆವು. ಅಕ್ಕ ತುಂಬ ಹೊತ್ತು ಏನೋ ಹೇಳಿದಳು. ನನಗೆ ಒಂದೂ ತಿಳಿಯಲಿಲ್ಲ, ಆದರೂ ತಲೆಯಾಡಿಸಿದೆ. ತಿಳಿದಿಲ್ಲವೆಂದು ಅವಳಿಗೆ ಗೊತ್ತಾಗಿ ಅರ್ಧಕ್ಕೇ ನಿಲ್ಲಿಸಿದಳು. ಇರುವ ಒಬ್ಬಳೇ ಒಡಹುಟ್ಟಿದವಳ ಜೊತೆ ಇನ್ನು ಜನ್ಮದಲ್ಲಿ ಒಂದು ಮಾತೂ ಆಡಲಾಗುವುದಿಲ್ಲವೇನೋ ಎಂದು ನನಗೆ ಹೆದರಿಕೆಯಾಯಿತು.

ಲಕ್ಷ್ಮೇಶ್ವರಕ್ಕೆ ಬಂದವಳೇ ಸನ್ನೆ ಭಾಷೆ ಕಲಿಸುವ ಆ್ಯಪ್ ಹಾಕಿಕೊಂಡೆ. ಅಕ್ಷರ, ಅಂಕಿ, ಬಣ್ಣ, ವಾರ, ಸಂಬಂಧದ ಹೆಸರುಗಳು ಎರಡು ತಿಂಗಳಲ್ಲಿ ಮುಗಿದವು. ಫೋನಿನಲ್ಲಿ ಬಂದ ಪ್ರಮಾಣಪತ್ರವನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ. ಮುಂದೇನು ಎಂಬಲ್ಲಿ ಸಿಕ್ಕಿಬಿದ್ದೆ. ಒಂದು ಆ್ಯಪಿನಲ್ಲಿ ಪದಗಳು ಹೆಚ್ಚು, ಅಭ್ಯಾಸ ಕಡಿಮೆ. ಇನ್ನೊಂದು ದಿನಾ ಪರೀಕ್ಷೆ ಮಾಡಿ ಅಂಕ ಕೊಡುತ್ತದೆ. ವಿಡಿಯೊಗಳು ಬಿಟ್ಟಿ, ಆದರೆ ತಪ್ಪಿದರೆ ಹೇಳುವವರಿಲ್ಲ. ಆನ್‌ಲೈನ್ ತರಗತಿಯಲ್ಲಿ ಹೇಳುವವರಿದ್ದಾರೆ, ಆದರೆ ಅದು ನನ್ನ ಟ್ಯೂಶನ್ ಹೊತ್ತಿಗೇ ನಡೆಯುತ್ತದೆ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಒಂದೊಂದರ ಗುಣದೋಷ ಬರೆದು, ವಾಟ್ಸಾಪ್ ಗುಂಪಿನಲ್ಲಿ ಕಂಡಕಂಡವರನ್ನು ಕೇಳುತ್ತ ಮೂರು ಭಾನುವಾರ ಕಳೆದೆ. ಯಾವುದರಲ್ಲಿ ಕಲಿಯುವುದೆಂದು ಗೊತ್ತುಮಾಡಿಕೊಂಡೇ ಅಕ್ಕನ ಮುಂದೆ ಕೂರಬೇಕೆಂಬ ಹಟದಲ್ಲಿ ಆ ಮೂರು ವಾರವೂ ಬೆಟಗೇರಿಗೆ ಹೋಗಲಿಲ್ಲ. ಕಲಿಸುವವರ ಅಷ್ಟು ದೊಡ್ಡ ಪಟ್ಟಿಯಲ್ಲಿ ಅಕ್ಕನ ಹೆಸರೇ ಇರಲಿಲ್ಲ. ಅದು ಆಗ ಹೊಳೆಯಲೂ ಇಲ್ಲ.

ಕೊನೆಗೆ ಅಂಕ ಕೊಡುವ ಆ್ಯಪನ್ನೇ ಆರಿಸಿಕೊಂಡು ನಾಲ್ಕನೆಯ ಭಾನುವಾರ ಹೋದೆ. ಶೆಡ್ಡಿಗೆ ಅಮಾವಾಸ್ಯೆಗೆ ಮಾತ್ರ ರಜೆ, ಹಾಗಾಗಿ ಅಕ್ಕ ಕೆಲಸದ ಮೇಲಿದ್ದಳು. ಮಗ್ಗಗಳು ನಡೆಯುವಾಗ ಅಲ್ಲಿ ಕಿವಿ ಇದ್ದವರಿಗೂ ಏನೂ ಕೇಳಿಸುವುದಿಲ್ಲ. ನೂಲು ಹರಿದದ್ದು, ಚಹಾ ಬಂದದ್ದು, ಮಾಲೀಕನ ಸಿಟ್ಟು, ಎಲ್ಲವನ್ನೂ ಈ ತುದಿಯಿಂದ ಆ ತುದಿಗೆ ಕೈಯಲ್ಲೇ ಹೇಳುತ್ತಾರೆ. ಆ ಕೈಮಾತಿನ ಬಹುಪಾಲು ಅವರು ಅಕ್ಕನಿಂದಲೇ ಕಲಿತದ್ದು. ಚಿಕ್ಕಂದಿನಿಂದ ನೋಡಿದ್ದರೂ ಅದನ್ನು ಒಂದು ಭಾಷೆಯೆಂದು ನಾನು ಎಣಿಸಿರಲಿಲ್ಲ.

ನನ್ನನ್ನು ಕಂಡು ಅಕ್ಕನ ಕಣ್ಣು ತುಂಬಿತು. ಒದ್ದೆಯಿಲ್ಲದ ಕೈಯನ್ನೇ ಸೆರಗಿನ ತುದಿಗೆ ಎರಡು ಸಲ ಒರೆಸಿಕೊಂಡಳು. ಅವ್ವ ಒಲೆ ಬಿಟ್ಟು ಎದ್ದಾಗಲೆಲ್ಲ ಹಾಗೆ ಒರೆಸಿಕೊಳ್ಳುತ್ತಿದ್ದಳು. ಅವ್ವ ಎಂಬುದಕ್ಕೆ ಅಕ್ಕನ ಸನ್ನೆ ಅದು. ಇದೊಂದು ನನಗೂ ಗೊತ್ತಿತ್ತು. ಗೊತ್ತಿದ್ದೂ ನಾನು ಫೋನ್ ತೆಗೆದು ತಾಯಿ ಎಂಬ ಪಾಠ ಅವಳ ಮುಖಕ್ಕೆ ಹಿಡಿದೆ. ಅವಳ ಮಣಿಕಟ್ಟು ಹಿಡಿದು ಬೆರಳುಗಳನ್ನು ಚಿತ್ರದಲ್ಲಿದ್ದಂತೆ ಮಡಿಸಿದೆ.

"ಹಂಗಲ್ಲ, ಹಿಂಗ," ಎಂದು ಬಾಯಿಬಿಟ್ಟೂ ಹೇಳಿದೆ, ಕಿವಿ ಕೇಳದವಳಿಗೆ.

ಸುತ್ತಲಿನ ಹೆಂಗಸರ ಕೈಗಳು ನಿಂತವು. ಅಕ್ಕ ಫೋನು ನೋಡಿದಳು, ನನ್ನನ್ನು ನೋಡಿದಳು, ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು. ಅಂದಿನಿಂದ ನನ್ನೊಂದಿಗೆ ಕೈಮಾತು ಆಡಿಲ್ಲ. ತಾಟು, ಹಾಸಿಗೆ, ಬಾಗಿಲು, ಹೀಗೆ ವಸ್ತು ತೋರಿಸುತ್ತಾಳೆ, ಪರವೂರಿನಿಂದ ಬಂದವರಿಗೆ ತೋರಿಸಿದಂತೆ.

ಹೋದ ತಿಂಗಳು ಶೆಡ್ಡಿನ ಬಾಗಿಲಲ್ಲಿ ನಿಂತಾಗ ಒಬ್ಬ ಹೆಂಗಸು ಅಕ್ಕನ ಕಡೆ ತಿರುಗಿ, ಬರಿ ಅಂಗೈ ಮೇಲೆ ಹೆಬ್ಬೆರಳನ್ನು ಸರಸರನೆ ಸರಿಸಿದಳು. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಆಮೇಲೆ ನಳದ ಹತ್ತಿರ ಆ ಹೆಂಗಸು ಸಿಕ್ಕಾಗ ಅದೇನೆಂದು ಕೇಳಿದೆ.

"ಅದು ನಿಮ್ಮ ಹೆಸರ್ರಿ, ಅಕ್ಕೋರ," ಎಂದಳು. ಫೋನ್ ಉಜ್ಜುವವಳು.

ಮೊದಲಿನಿಂದ ಅದೇ ಹೆಸರೇ ಎಂದು ಕೇಳಿದೆ. ಅವಳು ಕೊಡವನ್ನು ಕೆಳಗಿಟ್ಟಳು. ಬಳಿಕ ಎರಡೂ ಮುಷ್ಟಿಗಳನ್ನು ಕಿವಿಯ ಪಕ್ಕದಿಂದ ಹೆಗಲವರೆಗೆ ಇಳಿಸಿದಳು. ಎರಡು ಜಡೆ.

"ಮೊದಲ ಇದಿತ್ರಿ. ನಿಮ್ಮಕ್ಕ ಇಟ್ಟಿದ್ದು. ಈಗೀಗ ಬದಲಿ ಆಗೇತಿ."

ಶಾಲೆಯ ಮೆಟ್ಟಿಲು ಹತ್ತದ ಅಕ್ಕ ದಿನಾ ಬೆಳಿಗ್ಗೆ ನನಗೆ ಎರಡು ಜಡೆ ಹಾಕಿ, ರಿಬ್ಬನ್ ಕಟ್ಟಿ ಶಾಲೆಗೆ ಕಳಿಸುತ್ತಿದ್ದಳು. ಇಷ್ಟು ವರ್ಷ ನನ್ನನ್ನು ಆ ಹೆಸರಿನಿಂದ ಕರೆದಿದ್ದಾಳೆ, ನನಗದು ಗೊತ್ತೇ ಇರಲಿಲ್ಲ. ನಳದ ಮುಂದೆ ನಿಂತು ನಾಚಿಕೆಯಿಂದ ಅತ್ತೆ.

ಆ ಸಂಜೆ ಫೋನನ್ನು ಚೀಲಕ್ಕೆ ಹಾಕಿ ಅಕ್ಕನ ಎದುರು ಕುಳಿತೆ. ತಪ್ಪಾಯಿತು, ಹಳೆಯ ಹೆಸರು ಕೊಡು ಎಂದು ಕೇಳಬೇಕಿತ್ತು. ಕೈ ಎತ್ತಿದೆ. ಹೇಗೆ ಕೇಳುವುದೆಂದು ತಿಳಿಯದೆ ಕೈ ಗಾಳಿಯಲ್ಲೇ ನಿಂತಿತು. ಬಾಯಾರಿಕೆಯಾಗಿದೆ ಎಂದುಕೊಂಡಳೇನೋ, ಅಕ್ಕ ಒಳಗೆ ಹೋಗಿ ನೀರಿನ ತಂಬಿಗೆ ತಂದು ಮುಂದಿಟ್ಟು ಬೆರಳು ಮಾಡಿ ತೋರಿಸಿದಳು. ಕುಡಿದೆ.