ಬಲಗಡೆಯ ಜೇಬು

ಭಾಲ್ಕಿಯಲ್ಲಿ ತಮ್ಮನ ಮನೆಯ ಹಳೆಯ ಟ್ರಂಕು ತೆರೆದಾಗ ಮೊದಲು ಬಂದದ್ದು ಹೊಲಿಗೆ ಯಂತ್ರದ ಎಣ್ಣೆಯ ವಾಸನೆ. ಹಾಗೆಂದು ನನಗೆ ಅನ್ನಿಸಿತು. ಮೂವತ್ತು ವರ್ಷ ತಳದಲ್ಲಿ ಬಿದ್ದ ಅಂಗಿಯಲ್ಲಿ ಎಣ್ಣೆ ವಾಸನೆ ಉಳಿಯುವುದುಂಟೇ? ನುಸಿಗುಳಿಗೆಯದೇ ಇರಬೇಕು. ಆದರೂ ಆ ನೀಲಿ ಗೆರೆಯ ಚಿಕ್ಕ ಅಂಗಿಯನ್ನು ಕೈಗೆತ್ತಿಕೊಂಡ ಕೂಡಲೇ ಸಂತಪುರದ ಟೇಲರ್ ಕಾಕಾ ಕಣ್ಣ ಮುಂದೆ ಬಂದರು. ಕೊರಳಲ್ಲಿ ಟೇಪು, ತುಟಿಗಳ ನಡುವೆ ಎರಡು ಗುಂಡುಸೂಜಿ…

ಅಪ್ಪ ಅಲ್ಲಿನ ಶಾಲೆಯ ಮಾಸ್ತರರು. ಪ್ರತಿ ದೀಪಾವಳಿಗೆ ನಮ್ಮಿಬ್ಬರಿಗೂ ಔರಾದಿನಿಂದ ಒಂದೇ ಥಾನಿನ ಬಟ್ಟೆ ತರುತ್ತಿದ್ದರು. ದೊಡ್ಡವನ ಅಳತೆ ಸಾಕು, ಸಣ್ಣವನಿಗೆ ಎರಡು ಬೆರಳು ಕಡಿಮೆ ಇಟ್ಟು ಹೊಲಿಯಿರಿ ಎನ್ನುವುದು ಅವರ ಕಟ್ಟಪ್ಪಣೆ. ಕಾಕಾ ಹೂಂ ಎನ್ನುತ್ತಿದ್ದರು. ಅಪ್ಪ ಅತ್ತ ಹೋದ ಮೇಲೆ ತಮ್ಮನನ್ನು ಕರೆದು ಬೇರೆಯಾಗಿಯೇ ಅಳೆಯುತ್ತಿದ್ದರು. ಅಳೆಯುತ್ತ ಮಾತಾಡಿಸುತ್ತಿದ್ದರು. ನನ್ನನ್ನು ಕೇಳದ ಪ್ರಶ್ನೆಗೂ ನಾನೇ ಉತ್ತರ ಕೊಡುತ್ತಿದ್ದೆ. ತಮ್ಮ ಬಾಯಿ ಬಿಡದೆ ಯಂತ್ರದ ಗಾಲಿಯನ್ನೇ ನೋಡುತ್ತಿದ್ದ. ಒಮ್ಮೆ ಕಾಕಾ ಅವನ ಕೈಗೆ ಬಾಬಿನ್ ಕೊಟ್ಟು ದಾರ ಸುತ್ತಲು ಹೇಳಿದರು. ಅವನು ಎಡಗೈಯಿಂದ ಸುತ್ತಿದ.

ಆ ಎಡಗೈಯೇ ಅಪ್ಪನ ತಲೆನೋವು. ಅಣ್ಣನ ಹಾಗೆ ಬಲಗೈಯಲ್ಲಿ ಬರೆ ಎಂದು ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು. ನಾನು ಪಕ್ಕದಲ್ಲೇ ಕುಳಿತು ದುಂಡಗೆ ಬರೆಯುತ್ತಿದ್ದೆ. ಆ ವರ್ಷ ತಮ್ಮ ಬರೆಯುವುದನ್ನೇ ನಿಲ್ಲಿಸಿದ್ದ. ಇವನು ಶಾಲೆ ಬಿಟ್ಟೇಬಿಡುತ್ತಾನೆ ಎಂದು ಅವ್ವನಿಗೆ ದಿಗಿಲು.

ಆ ದೀಪಾವಳಿಗೆ ಬಂದ ತಮ್ಮನ ಅಂಗಿಯ ಎದೆಜೇಬು ಬಲಗಡೆ ಇತ್ತು, ಎಡಗೈ ನೇರ ಹೋಗುವ ಕಡೆ. ಅಪ್ಪ ನಮ್ಮಿಬ್ಬರನ್ನೂ ಎಳೆದುಕೊಂಡು ಅಂಗಡಿಗೆ ಹೋದರು.

"ಎರಡೂ ಒಂದೇ ನಮೂನಿ ಇರ್ಬೇಕಂತ ಹೇಳಿದ್ದಿಲ್ಲೇನ್ರಿ? ಜೋಡೆತ್ತಿನ್ಹಾಂಗ ಕಾಣ್ಬೇಕು."

"ಜೋಡೆತ್ತಿನಾಗೂ ಒಂದು ಎಡಕ್ಕ, ಒಂದು ಬಲಕ್ಕ ಹೂಡ್ತೀವಲ್ರಿ, ಮಾಸ್ತರ."

ಅಪ್ಪ ನಮ್ಮನ್ನು ಕರೆದುಕೊಂಡು ಮನೆಗೆ ಮರಳಿದರು; ಜೇಬು ಅಲ್ಲೇ ಉಳಿಯಿತು. ಈ ಕಥೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ. ಬೀದರಿನ ಕಾಲೇಜಿನಲ್ಲಿ ಇತಿಹಾಸ ಕಲಿಸುವವನು ನಾನು, ಯಾರು ಏನೇ ಹೇಳಲಿ ಪುರಾವೆ ಕೇಳುವುದು ಚಟ. ಈ ಒಂದಕ್ಕೆ ಮಾತ್ರ ಕೇಳಿರಲಿಲ್ಲ.

ಈಗ ಪುರಾವೆ ಕೈಯಲ್ಲೇ ಇತ್ತು. ಜೇಬು ಎಡಗಡೆ. ಬಲಗಡೆ, ಹೊಲಿಗೆ ಬಿಚ್ಚಿದ ಸೂಜಿತೂತುಗಳು, ಜೇಬಿನಷ್ಟೇ ಅಗಲ.

ತಮ್ಮನು ಅಂಗಳದಲ್ಲಿ ಮೋಟಾರಿಗೆ ತಂತಿ ಸುತ್ತುತ್ತಿದ್ದ. ಅದೇ ಅವನ ಉದ್ಯೋಗ. ಅಂಗಿ ತೋರಿಸಿದೆ. ಅಪ್ಪ ಎದುರಿಗೆ ನಿಂತು ಬಿಚ್ಚಿಸಿದರು ಎಂದ. ಎತ್ತಿನ ಮಾತು? ಕಾಕಾ ಅದನ್ನು ಆಡಿದ್ದು ನಿಜ, ಅಪ್ಪನ ಸಿಟ್ಟು ನೆತ್ತಿಗೇರಿದ್ದೇ ಅದರಿಂದ ಎಂದ. ಆಮೇಲೆ ಸಣ್ಣಗೆ ನಕ್ಕ.

"ಜೇಬು ಉಲ್ಟಾ ಅದ ಅಂತ ಅಪ್ಪಗ ಹೇಳಿದವ ಯಾರು? ನೀನೇ."

ನನಗೆ ನೆನಪಿಲ್ಲ. ಸುಳ್ಳು ಎಂದು ವಾದಿಸಲು ಹೊರಟವನು ಸೂಜಿತೂತುಗಳ ಮೇಲೆ ಬೆರಳಾಡಿಸಿದೆ.

"ಒಳಗ ಕೈ ಹಾಕಿ ನೋಡು, ಅಣ್ಣಾ."

ಬಲಗಡೆ, ಆ ತೂತುಗಳ ಹಿಂದೆಯೇ, ಬಿಳಿ ಅಸ್ತರಿನ ಇನ್ನೊಂದು ಜೇಬು. ಕೈಹೊಲಿಗೆ. ಗುಂಡಿಯ ಕಾಜಾ ಬಾಕಿ ಇದೆ ಎಂಬ ನೆಪ ಹೇಳಿ ಕಾಕಾ ಅಂಗಿಯನ್ನು ಮರುದಿನ ತರಿಸಿಕೊಂಡಿದ್ದರಂತೆ. ಅದರೊಳಗೆ ಒಂದು ಮೋಟು ಪೆನ್ಸಿಲ್ಲನ್ನೂ ಇಟ್ಟುಕೊಟ್ಟಿದ್ದರಂತೆ. ಸಂಜೆ ಅಂಗಡಿಯ ಹಿಂದೆ ಕುಳಿತು, ಅಳತೆ ಬರೆದ ಹಾಳೆಗಳ ಬೆನ್ನಿನ ಮೇಲೆ ಅವನು ಎಡಗೈಯಲ್ಲೇ ಬರೆಯುತ್ತಿದ್ದನಂತೆ. ಅವನು ಶಾಲೆ ಬಿಡದಿದ್ದುದು ಹೀಗೆ. ನಾನು ಇಷ್ಟು ವರ್ಷ ಅದು ಅಪ್ಪನ ಶಿಸ್ತಿನಿಂದಲೋ, ನನ್ನನ್ನು ನೋಡಿಯೋ ಎಂದುಕೊಂಡಿದ್ದೆ…

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಿನಗ ಹೇಳಿದ್ರ ಅಪ್ಪಗ ಹೇಳ್ದಂಗೇ ಆಗ್ತಿತ್ತು," ಎಂದು ತಂತಿಯಿಂದ ಕಣ್ಣೆತ್ತದೆ ಹೇಳಿದ. ಸಿಟ್ಟಿರಲಿಲ್ಲ.

ಕಾಕಾ ತೀರಿಕೊಂಡು ಬಹಳ ವರ್ಷಗಳಾದವು. ಅಂಗಡಿಯಿದ್ದಲ್ಲಿ ಈಗ ಮೊಬೈಲ್ ರಿಪೇರಿ. ಕೇಳಿ ತಿಳಿಯೋಣವೆಂದರೆ ಯಾರೂ ಇಲ್ಲ. ಬೀದರಿಗೆ ಮರಳುವ ಬಸ್ಸಿನಲ್ಲಿ ಕೂರಲಾಗದೆ ಬಾಗಿಲ ಬಳಿ ನಿಂತೇ ಬಂದೆ. ಅದೇ ಥಾನಿನ ನನ್ನ ಅಂಗಿ ಎಲ್ಲಿ ಹೋಯಿತೋ. ಅದರಲ್ಲೂ ಕಾಕಾ ನನಗೆಂದೇ ಏನಾದರೂ ಹೊಲಿದಿದ್ದರೋ ಏನೋ… ಒಳಗೆ ಕೈ ಹಾಕಿ ನೋಡಿದ ನೆನಪು ನನಗಿಲ್ಲ.