ಹುಳದ ಮನೆಯಲ್ಲಿ ದೊಡ್ಡಪ್ಪನ ಕಾರು

ಮೊಣಕಾಲಿನ ಆಪರೇಷನ್ನಿಗೆಂದು ಮಂಡ್ಯದ ಆಸ್ಪತ್ರೆ ಸೇರುವ ಮುಂಚೆ ದೊಡ್ಡಪ್ಪ ತಮ್ಮ ಹಳೆಯ ಬಿಳಿ ಕಾರನ್ನು ನಮ್ಮಲ್ಲಿ ಬಿಟ್ಟು ಹೋದರು. ಶಿವನಸಮುದ್ರದಲ್ಲಿ ನೌಕರಿ ಮಾಡುತ್ತಿದ್ದಾಗ ಕೊಂಡ ಕಾರು. ಮಳವಳ್ಳಿಯ ಅವರ ಮನೆ ಮುಂದೆ ಅದು ನೆನೆಯುತ್ತಲೇ ನಿಂತು, ಹಿಂದಿನ ಮಳೆಗಾಲದಲ್ಲಿ ಸೀಟಿಗೆ ಬೂಷ್ಟು, ಬಾಗಿಲಿಗೆ ತುಕ್ಕು ಬಂದಿತ್ತು. ಅವರ ಮಗ, ಅಂದರೆ ನನ್ನ ಅಣ್ಣ, ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ: "ಈ ಸಲ ತಳಕ್ಕೆ ತುಕ್ಕು ಇಳಿದಿದ್ರೆ ಗುಜರಿಗೆ ಹಾಕ್ಬುಡ್ತೀನಿ. ಆಮೇಲೆ ಯಾರೂ ಅಳಂಗಿಲ್ಲ." ದೊಡ್ಡಪ್ಪ ಒಪ್ಪಿಕೊಂಡಿದ್ದರು.

ನಮ್ಮಲ್ಲಿ ಏಸಿ ಇರುವುದು ರೇಷ್ಮೆ ಹುಳು ಸಾಕುವ ಮನೆಗೆ ಮಾತ್ರ. ನಮಗೆಲ್ಲ ಫ್ಯಾನೇ ಗತಿ. ಆ ಸಲ ಹಿಪ್ಪುನೇರಳೆ ತೋಟವನ್ನು ಬುಡಮಟ್ಟಕ್ಕೆ ಕತ್ತರಿಸಿದ್ದರಿಂದ ಸೊಪ್ಪಿಲ್ಲದೆ ಹುಳದ ಮನೆ ಖಾಲಿಯಿತ್ತು. ಹುಳು ಮೇಯಿಸುವ ಕಬ್ಬಿಣದ ಸ್ಟ್ಯಾಂಡುಗಳನ್ನು ಗೋಡೆಗೆ ಸರಿಸಿ ಕಾರು ಒಳಗಿಟ್ಟೆವು. ಹುಳುವಿಗಾದರೆ ಗಾಳಿಯಲ್ಲಿ ತೇವ ಬೇಕು, ಕಾರಿಗೆ ಬೇಡ. ಗೋಡೆಯ ಮೇಲಿನ ಮಾಪಕದಲ್ಲಿ ತೇವ ಶೇಕಡಾ ಅರವತ್ತು ದಾಟದಂತೆ ಏಸಿ ಹಾಕುವುದು, ದಿನಕ್ಕೆರಡು ಸಲ ಡೈರಿಯಲ್ಲಿ ಬರೆಯುವುದು ನನ್ನ ಪಾಲಿಗೆ ಬಂತು. ಹೊರಗೆ ಒಗೆದ ಬಟ್ಟೆ ಒಣಗದ ದಿನಗಳಲ್ಲೂ ಕಾರಿನ ಸೀಟು ಒಣಗಿ ಗರಿಗರಿಯಾಗಿತ್ತು.

ದೊಡ್ಡಪ್ಪ, ಅಣ್ಣ ಇಬ್ಬರೂ ಕಾರು ನೋಡಲು ಬರುವ ಹಿಂದಿನ ದಿನ ನಾನು ಮದ್ದೂರಿನಲ್ಲಿ ಕೆಲಸ ಮುಗಿಸಿ ಸಂಜೆ ವಾಪಸಾದೆ. ಗೇಟಿನಲ್ಲೇ ಬ್ಲೀಚಿಂಗ್ ಪೌಡರಿನ ಘಾಟು ಮೂಗಿಗೆ ಹೊಡೆಯಿತು. ಅಮ್ಮ ಸ್ಪ್ರೇಯರ್ ತೊಳೆಯುತ್ತಿದ್ದಳು.

"ಅಮ್ಮ, ಕಾರು ಒಳಗೈತಲ್ಲ?"

"ಐತೆ. ಬಟ್ಟೆ ಹೊದ್ಸಿದ್ದೀನಿ. ನಾಡಿದ್ದು ಹುಳ ಬತ್ತವೆ, ಔಸ್ದಿ ಹೊಡೀದೆ ಬುಡಕ್ಕಾಯ್ತದಾ?"

ಪ್ರತಿ ಬೆಳೆಗೂ ಮುಂಚೆ ಸೂರು, ಗೋಡೆ, ನೆಲಕ್ಕೆಲ್ಲ ಔಷಧಿ ಹೊಡೆದು ಬಾಗಿಲು ಬಿಗಿಯಾಗಿ ಹಾಕುವುದು ನಮ್ಮ ರೂಢಿ. ಆದರೆ ಆ ಬ್ಲೀಚಿಂಗಿನ ಘಾಟು ಕಬ್ಬಿಣವನ್ನು ತಿನ್ನುತ್ತದೆ. ನಮ್ಮ ಸ್ಟ್ಯಾಂಡುಗಳ ಕಾಲು ಸವೆದದ್ದೂ ಅದರಿಂದಲೇ. ಬಾಗಿಲು ಹಾಕಿ ಎಷ್ಟು ಹೊತ್ತಾಯಿತೆಂದು ಕೇಳಿದೆ. ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಅಂದಳು.

ಅಪ್ಪನೂ ಬಂದರು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೂವರೂ ತುಂತುರಿನಲ್ಲೇ ಕಾರನ್ನು ಹೊರಗೆ ತಳ್ಳಿದೆವು. ಬಂಪರಿನ ಹೊಳಪಿನ ಮೇಲೆ ಆಗಲೇ ಮಜ್ಜಿಗೆ ಚೆಲ್ಲಿದಂಥ ಕಲೆಗಳು. ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಉಜ್ಜಿದೆವು, ಪೈಪು ಹಿಡಿದು ತಳವನ್ನೂ ತೊಳೆದೆವು. ಈಗ ಒಣಗಿಸುವುದೆಲ್ಲಿ? ಒಳಗೆ ಘಾಟು, ಹೊರಗೆ ಮಳೆ. ಟ್ರ್ಯಾಕ್ಟರ್ ಶೆಡ್ಡಿಗೆ ತಳ್ಳಿ, ಮನೆಯ ಎರಡು ಟೇಬಲ್ ಫ್ಯಾನುಗಳನ್ನು ತಳದತ್ತ ತಿರುಗಿಸಿದೆವು. ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು.

"ಕರೆಂಟ್ ಉಟ್ಟೋದು ಇಲ್ಲೇ ಮಗ್ಗುಲಲ್ಲಿ, ಶಿವನಸಮುದ್ರದಲ್ಲಿ, ನಮ್ ಮನೆ ದಾರಿ ಮಾತ್ರ ಗೊತ್ತಿಲ್ಲ ಅದ್ಕೆ," ಎಂದು ಅಪ್ಪ ಗೊಣಗಿದರು. ಹಳೆಯ ಪಂಚೆಗಳನ್ನು ಹರಿದು, ಕೈಗೆಟುಕಿದಷ್ಟು ಒರೆಸಿದೆವು. ಎಟುಕದ ಕಡೆ ಏನಾಗುತ್ತಿದೆಯೋ ಕಾಣುತ್ತಿರಲಿಲ್ಲ.

ಬೆಳಿಗ್ಗೆ ಬಂಪರ್ ತುಂಬಾ ತುಕ್ಕಿನ ಕೆಂಪು ಚುಕ್ಕೆ. ದೊಡ್ಡಪ್ಪ ಕೋಲೂರಿಕೊಂಡು ಬಂದರು. ಅಣ್ಣ ಚುಕ್ಕೆಗಳನ್ನು ನೋಡಿದ. ಗೋಣಿಚೀಲ ಹಾಸಿ, ಸ್ಕ್ರೂಡ್ರೈವರ್ ಹಿಡಿದು ಕಾರಿನಡಿಗೆ ತೆವಳಿದ. ಟಕ್, ಟಕ್ ಎಂದು ಕುಟ್ಟುವ ಸದ್ದು ಮುಂದಿನ ಚಕ್ರದಿಂದ ಹಿಂದಿನ ಚಕ್ರದತ್ತ ಸಾಗಿತು.

"ಔಸ್ದಿ ಹೊಡ್ದಿದ್ದು ನಾನೇ ಭಾವ," ಎಂದಳು ಅಮ್ಮ.

"ಹುಳ ಬರೋ ಮನೆಗೆ ಔಸ್ದಿ ಹೊಡೀದೆ, ಗಂಧದ ನೀರು ಚಿಮುಕ್ಸಕ್ಕಾಯ್ತದಾ ಕಣಮ್ಮ?" ಎಂದರು ದೊಡ್ಡಪ್ಪ. ಕಣ್ಣು ಮಾತ್ರ ಮಗನ ಕಾಲುಗಳ ಮೇಲೇ ಇತ್ತು. ಒಂದು ಕಡೆ ಸದ್ದು ನಿಂತಿತು. "ಏನ್ಲಾ, ಅಲ್ಲೇ ಮಲಿಕಂಡ್ಯಾ?"

ಅಣ್ಣ ಮತ್ತೆ ಕುಟ್ಟಿದ, ಅದೇ ಜಾಗಕ್ಕೆ, ಜೋರಾಗಿ.

"ಮಣ್ಣು ಮೆತ್ಕೊಂಡದೆ ಅಷ್ಟೇ," ಅಂದ ಅಣ್ಣ ಕೆಳಗಿನಿಂದ. "ತಳ ಗಟ್ಟಿಯಾಗೇ ಅದೆ. ಬಂಪರ್ ಹೋಯ್ತು."

"ಬಂಪರ್ ಮೇಲೆ ಯಾರೂ ಕೂರಲ್ಲ. ಎದ್ದು ಗಾಡಿ ತಗಿ."

ಆ ಕಾರನ್ನು ಅಣ್ಣ ಅದುವರೆಗೆ ಓಡಿಸಿದವನಲ್ಲ. ಗೇಟಿನಲ್ಲಿ ಎರಡು ಸಲ ಎಂಜಿನ್ ಆಫ್ ಮಾಡಿಕೊಂಡ. "ಕ್ಲಚ್ ಪೂರ್ತಿ ತುಳೀಲಾ," ಎಂದು ಪಕ್ಕದಲ್ಲಿ ಕೂತ ದೊಡ್ಡಪ್ಪ ಗದರುತ್ತಿದ್ದದ್ದು ಕಾರು ರಸ್ತೆಗೆ ಇಳಿದ ಮೇಲೂ ಕೇಳಿಸುತ್ತಿತ್ತು.